ಬೂಟ್ ಲೋಡರಿಗೆ ಕರ್ನಲ್ ಯಾಕೆ ಸಿಗುವುದಿಲ್ಲ?

ಲಿನಕ್ಸ್ ಹಾಕಿದ ಕಂಪ್ಯೂಟರ್ ಇದ್ದಕ್ಕಿದ್ದಂತೆ ಕಪ್ಪು ಪರದೆಯ ಮೇಲೆ ‘ಫೈಲ್ ನಾಟ್ ಫೌಂಡ್’ ಎಂದೋ ‘ನೋ ಸಚ್ ಡಿವೈಸ್’ ಎಂದೋ ಒಂದು ಸಾಲು ತೋರಿಸಿ ನಿಂತುಬಿಟ್ಟರೆ, ಬಳಸುವವರು ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಕರ್ನಲ್ ಅಳಿಸಿಹೋಗಿದೆ, ಇಲ್ಲವೇ ಡಿಸ್ಕ್ ಕೆಟ್ಟಿದೆ. ಯಾವುದಾದರೇನು, ಪೆನ್ ಡ್ರೈವ್ ಚುಚ್ಚಿ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ದಾರಿ ಎಂದುಕೊಳ್ಳುತ್ತಾರೆ. ಆದರೆ ಈ ತೊಂದರೆಯ ಮೂವತ್ತು ವರ್ಷಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ತೀರ್ಮಾನಗಳೂ ನಿಜವಾಗುವುದು ಅಪರೂಪ. ಕರ್ನಲ್ ಫೈಲು ಬಹುಮಟ್ಟಿಗೆ ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಇರುತ್ತದೆ. ತಪ್ಪಿರುವುದು ಅದು ಎಲ್ಲಿದೆ ಎಂದು ಬರೆದಿಟ್ಟ ದಾಖಲೆ. ಪಹಣಿಯಲ್ಲಿ ಒಂದು ಹೆಸರು, ಜಮೀನಿನಲ್ಲಿ ಇನ್ನೊಬ್ಬರ ಉಳುಮೆ ಎನ್ನುವಂಥ ಸ್ಥಿತಿ ಇದು. ಬರೆದ ದಿನ ದಾಖಲೆ ಸರಿಯಾಗಿಯೇ ಇತ್ತು, ಆಮೇಲೆ ನೆಲದ ಮೇಲೆ ಏನೋ ಬದಲಾಯಿತು, ತಿದ್ದಿ ಬರೆಯುವವರು ಯಾರೂ ಇರಲಿಲ್ಲ. ಹಾಗಾಗಿ ದುರಸ್ತಿಯ ಮುಖ್ಯ ಕೆಲಸ ಯಾವ ದಾಖಲೆ ಹಳತಾಗಿದೆ ಎಂಬ ಪತ್ತೆ. ಅದು ಗೊತ್ತಾದರೆ ಉಳಿದದ್ದು ನಾಲ್ಕು ಸಾಲಿನ ಕೆಲಸ. ಗೊತ್ತಾಗದಿದ್ದರೆ ಹೊಸ ಇನ್‌ಸ್ಟಾಲ್ ಕೂಡ ಅದೇ ತಪ್ಪನ್ನು ಮತ್ತೆ ಬರೆಯಬಲ್ಲದು.

ದಾಖಲೆ ಒಂದೇ ಆಗಿದ್ದರೆ ಪತ್ತೆ ಸುಲಭವಿತ್ತು. ಇಲ್ಲಿರುವುದು ಸರಪಳಿ. ಹಳೆಯ ಬಯೋಸ್ ಪದ್ಧತಿಯ ಯಂತ್ರ ಎದ್ದ ಕೂಡಲೇ ಡಿಸ್ಕಿನ ಮೊದಲ 512 ಬೈಟುಗಳನ್ನು ಓದುತ್ತದೆ. ಅದರಲ್ಲಿ 64 ಬೈಟು ಪಾರ್ಟಿಷನ್ ಪಟ್ಟಿಗೂ 2 ಬೈಟು ಗುರುತಿಗೂ ಹೋಗಿ ಪ್ರೋಗ್ರಾಮಿಗೆ ಉಳಿಯುವುದು 446 ಬೈಟು. ಅಷ್ಟು ಇಕ್ಕಟ್ಟಿನಲ್ಲಿ ಫೈಲ್‌ಸಿಸ್ಟಮ್ ಓದುವ ಬುದ್ಧಿಯನ್ನು ತುರುಕಲಾಗದು. ಹಾಗಾಗಿ ಆ ತುಣುಕು ‘ಮುಂದಿನ ಭಾಗ ಇಂಥ ಸೆಕ್ಟರಿನಲ್ಲಿದೆ’ ಎಂಬ ಸಂಖ್ಯೆಯೊಂದನ್ನು ಮಾತ್ರ ಹಿಡಿದುಕೊಂಡಿರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಗ್ರಬ್ 2ರಲ್ಲಿ ಆ ಮುಂದಿನ ಭಾಗಕ್ಕೆ ಕೋರ್ ಇಮೇಜ್ ಎನ್ನುತ್ತಾರೆ; ಸಾಮಾನ್ಯವಾಗಿ ಅದು ಮೊದಲ ಪಾರ್ಟಿಷನ್ನಿಗೆ ಮುಂಚಿನ ಖಾಲಿ ಜಾಗದಲ್ಲಿ ಕೂತಿರುತ್ತದೆ. ಕೋರ್ ಇಮೇಜಿನ ಒಳಗೆ ‘ಪ್ರಿಫಿಕ್ಸ್’ ಎಂಬ ಎರಡನೆಯ ವಿಳಾಸವಿದೆ: ಗ್ರಬ್‌ನ ಉಳಿದ ಮಾಡ್ಯೂಲುಗಳೂ ಮೆನು ಫೈಲೂ ಯಾವ ಪಾರ್ಟಿಷನ್ನಿನ ಯಾವ ಫೋಲ್ಡರಿನಲ್ಲಿವೆ ಎಂಬುದು. ಮೆನು ಫೈಲಿನಲ್ಲಿ, ಅಂದರೆ ಗ್ರಬ್.ಸಿಎಫ್‌ಜಿಯಲ್ಲಿ, ಕರ್ನಲ್ಲಿನ ವಿಳಾಸ. ಕರ್ನಲ್ಲಿಗೆ ಕೊಡುವ ಸಾಲಿನಲ್ಲಿ ರೂಟ್ ಫೈಲ್‌ಸಿಸ್ಟಮಿನ ವಿಳಾಸ. ನಾಲ್ಕೂ ಬೇರೆ ಬೇರೆ ಹೊತ್ತಿನಲ್ಲಿ ಬರೆದವು. ಬರೆದದ್ದು ಪೂರ್ತಿ ಎಚ್ಚರವಿದ್ದ ಲಿನಕ್ಸ್. ಓದುವುದು ಲಿನಕ್ಸ್ ಇನ್ನೂ ಏಳದ ಹೊತ್ತಿನಲ್ಲಿ ಎದ್ದ, ಹಿಂದಿನ ಸಲ ಏನಾಯಿತೆಂಬ ನೆನಪೇ ಇಲ್ಲದ ಪುಟ್ಟ ಪ್ರೋಗ್ರಾಮು. ಬರೆಯುವವರೂ ಓದುವವರೂ ಎಂದೂ ಮುಖಾಮುಖಿಯಾಗುವುದಿಲ್ಲ ಎಂಬುದೇ ಈ ಕಥೆಯ ಎಲ್ಲ ಗೊಂದಲಗಳ ಬೇರು.

ಲಿನಕ್ಸಿನ ಮೊದಲ ಜನಪ್ರಿಯ ಬೂಟ್ ಲೋಡರ್ ಲಿಲೋ ಈ ಮಾತಿಗೆ ಅತ್ಯಂತ ಸ್ಪಷ್ಟ ಸಾಕ್ಷಿ. ವರ್ನರ್ ಅಲ್ಮೆಸ್‌ಬರ್ಗರ್ 1992ರಲ್ಲಿ ಶುರುಮಾಡಿದ ಇದಕ್ಕೆ ಫೈಲ್‌ಸಿಸ್ಟಮ್ ಎಂದರೇನೆಂದೇ ತಿಳಿಯದು. ಕರ್ನಲ್ ಡಿಸ್ಕಿನ ಯಾವ ಯಾವ ಸೆಕ್ಟರುಗಳಲ್ಲಿ ಹರಡಿಕೊಂಡಿದೆ ಎಂಬ ನಕ್ಷೆಯನ್ನು ಲಿಲೋ ಕಮಾಂಡ್ ಒಂದು ಫೈಲಿಗೆ ಬರೆದಿಡುತ್ತಿತ್ತು, ಬೂಟ್ ಆಗುವಾಗ ಆ ಸಂಖ್ಯೆಗಳನ್ನು ಕಣ್ಣುಮುಚ್ಚಿ ಅನುಸರಿಸುತ್ತಿತ್ತು. ಕರ್ನಲ್ ಬದಲಾಯಿಸಿದ ಮೇಲೆ ಆ ಕಮಾಂಡನ್ನು ಇನ್ನೊಮ್ಮೆ ಓಡಿಸಲು ಮರೆತರೆ ಕಥೆ ಮುಗಿಯಿತು. ಇದರಲ್ಲೊಂದು ತಮಾಷೆಯೂ ಇದೆ: ಹಳೆಯ ಕರ್ನಲ್ಲನ್ನು ಅಳಿಸಿ ಹೊಸದನ್ನು ಅದೇ ಹೆಸರಿನಲ್ಲಿ ಇಟ್ಟರೂ, ಹಳೆಯ ಸೆಕ್ಟರುಗಳ ಮೇಲೆ ಬೇರೇನೂ ಬರೆಯದಿರುವಷ್ಟು ದಿನ ಲಿಲೋ ಅಳಿಸಿಹೋದ ಕರ್ನಲ್ಲನ್ನೇ ಎಬ್ಬಿಸಿ ನಿಲ್ಲಿಸುತ್ತಿತ್ತು. ಇದ್ದ ಕರ್ನಲ್ ಸಿಗುವುದಿಲ್ಲ, ಇಲ್ಲದ ಕರ್ನಲ್ ಸಿಗುತ್ತದೆ. ದಾಖಲೆಗೂ ವಾಸ್ತವಕ್ಕೂ ನಡುವಿನ ಬಿರುಕನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ. ಇದರ ಜೊತೆಗೆ ಬಯೋಸಿನ ಮಿತಿ ಬೇರೆ. ಹಳೆಯ ಬಯೋಸ್ ಕರೆಗಳು 1024 ಸಿಲಿಂಡರ್, 255 ಹೆಡ್, 63 ಸೆಕ್ಟರುಗಳ ಆಚೆಗೆ ನೋಡಲಾರವು. ಲೆಕ್ಕ ಹಾಕಿದರೆ ಅದು ಸುಮಾರು 8.4 ಗಿಗಾಬೈಟ್. ಇನ್‌ಸ್ಟಾಲ್ ಮಾಡಿದ ದಿನ ಕರ್ನಲ್ ಆ ಗಡಿಯ ಒಳಗೆ ಬಿದ್ದಿರುತ್ತದೆ, ಎಲ್ಲವೂ ಸರಿ. ತಿಂಗಳುಗಳ ನಂತರ ಬಂದ ಹೊಸ ಕರ್ನಲ್ ಡಿಸ್ಕಿನ ಖಾಲಿ ಜಾಗ ಹುಡುಕಿಕೊಂಡು ಗಡಿಯಾಚೆ ಬಿದ್ದರೆ, ಫೈಲು ಲಿನಕ್ಸಿಗೆ ಕಾಣುತ್ತದೆ, ಬಯೋಸಿಗೆ ಕಾಣುವುದಿಲ್ಲ. ಡಿಸ್ಕಿನ ಆರಂಭದಲ್ಲೇ ‘/ಬೂಟ್’ ಎಂಬ ಸಣ್ಣ ಪಾರ್ಟಿಷನ್ ಪ್ರತ್ಯೇಕವಾಗಿ ಮಾಡುವ ರೂಢಿ ಗಟ್ಟಿಯಾದದ್ದು ಈ ಕಾರಣಕ್ಕೆ. ಆ ಮಿತಿ ಎಂದೋ ಹೋಯಿತು, ರೂಢಿ ಉಳಿಯಿತು. ಈಗ ಅದೇ ರೂಢಿ ಇನ್ನೊಂದು ಬಗೆಯ ತಪ್ಪಿಗೆ ತವರಾಗಿದೆ.

ಎರಿಕ್ ಬೋಲಿನ್ 1995ರಲ್ಲಿ ಗ್ನೂ ಹರ್ಡ್ ವ್ಯವಸ್ಥೆಗಾಗಿ ಬರೆದ ಗ್ರಬ್ ಲಿಲೋಗಿಂತ ಒಂದು ದೊಡ್ಡ ಹೆಜ್ಜೆ ಮುಂದಿಟ್ಟಿತು: ಫೈಲ್‌ಸಿಸ್ಟಮನ್ನು ತಾನೇ ಓದಲು ಕಲಿಯಿತು. ಸೆಕ್ಟರ್ ಸಂಖ್ಯೆಯ ಬದಲು ಫೈಲಿನ ಹೆಸರು ಸಾಕಾಯಿತು. ಕರ್ನಲ್ ಡಿಸ್ಕಿನಲ್ಲಿ ಎಲ್ಲಿಗೆ ಸರಿದರೂ ಹೆಸರು ಅದೇ ಇದ್ದರೆ ಸಿಗುತ್ತದೆ. ಆದರೆ ಫೈಲಿನ ಹೆಸರಿಗೆ ಮುಂಚೆ ಯಾವ ಡಿಸ್ಕ್, ಯಾವ ಪಾರ್ಟಿಷನ್ ಎಂದು ಹೇಳಬೇಕಲ್ಲ. ಅಲ್ಲಿ ಗ್ರಬ್ ಎಣಿಕೆಯ ಮೊರೆಹೊಕ್ಕಿತು. ಬಯೋಸ್ ಯಾವ ಕ್ರಮದಲ್ಲಿ ಡಿಸ್ಕುಗಳನ್ನು ತೋರಿಸುತ್ತದೋ ಆ ಕ್ರಮದಲ್ಲಿ ಎಚ್‌ಡಿ0, ಎಚ್‌ಡಿ1 ಎಂದು ಹೆಸರು. ಯುಎಸ್‌ಬಿ ಡ್ರೈವ್ ಒಂದು ಚುಚ್ಚಿಕೊಂಡೇ ಯಂತ್ರ ಆನ್ ಮಾಡಿದರೆ, ಬಯೋಸ್ ಸೆಟ್ಟಿಂಗಿನಲ್ಲಿ ಬೂಟ್ ಕ್ರಮ ಬದಲಿಸಿದರೆ, ಎಚ್‌ಡಿ0 ಆಗಿದ್ದದ್ದು ಎಚ್‌ಡಿ1 ಆಗಬಹುದು. ಮಧ್ಯದ ಪಾರ್ಟಿಷನ್ ಒಂದನ್ನು ಅಳಿಸಿದರೆ ಅದರ ಮುಂದಿನವುಗಳ ಸಂಖ್ಯೆ ಸರಿಯಬಹುದು. ಆಗ ಹಳೆಯ ಗ್ರಬ್ ‘ಎರರ್ 15’, ‘ಎರರ್ 17’, ‘ಎರರ್ 22’ ಎಂದು ಅಂಕಿಗಳಲ್ಲಿ ಮಾತಾಡುತ್ತಿತ್ತು: ಫೈಲು ಇಲ್ಲ, ಪಾರ್ಟಿಷನ್ ಮೌಂಟ್ ಆಗುತ್ತಿಲ್ಲ, ಅಂಥ ಪಾರ್ಟಿಷನ್ನೇ ಇಲ್ಲ. ಮೂರೂ ಬೇರೆ ಬೇರೆ ದೂರುಗಳು. ಬಹಳ ಸಲ ಮೂರಕ್ಕೂ ಕಾರಣ ಒಂದೇ, ಎಣಿಕೆ ತಪ್ಪಿದ್ದು. ಗ್ರಬ್ 2 ಬಂದಾಗ ಎಣಿಕೆಯ ಪದ್ಧತಿಯನ್ನೇ ಅರ್ಧ ಬದಲಿಸಿದರು. ಹಳೆಯದರಲ್ಲಿ ಡಿಸ್ಕೂ ಪಾರ್ಟಿಷನ್ನೂ ಸೊನ್ನೆಯಿಂದ ಶುರು. ಹೊಸದರಲ್ಲಿ ಡಿಸ್ಕ್ ಸೊನ್ನೆಯಿಂದ, ಪಾರ್ಟಿಷನ್ ಒಂದರಿಂದ. ಹಳೆಯ ಟಿಪ್ಪಣಿ ನೋಡಿ ಹೊಸ ಗ್ರಬ್ ಸರಿಮಾಡಲು ಕೂತವರು ಪಕ್ಕದ ಪಾರ್ಟಿಷನ್ನಿನಲ್ಲಿ ಕರ್ನಲ್ ಹುಡುಕಿ ಸುಸ್ತಾಗುವುದು ಇದರಿಂದಲೇ.

ಯೊಶಿನೊರಿ ಒಕುಜಿ ಶುರುಮಾಡಿದ ಪ್ಯುಪಾ ಯೋಜನೆಯಿಂದ ಬೆಳೆದ ಗ್ರಬ್ 2, 2009ರ ಉಬುಂಟು 9.10ರ ಹೊತ್ತಿಗೆ ಡೀಫಾಲ್ಟ್ ಆಗಿ ಬಂದಿತ್ತು; 2.00 ಎಂಬ ಅಧಿಕೃತ ಆವೃತ್ತಿ ಹೊರಬಿದ್ದದ್ದು 2012ರಲ್ಲಿ. ಎಣಿಕೆಯ ಕಾಯಿಲೆಗೆ ಅದು ಕಂಡುಕೊಂಡ ಮದ್ದು ಯುಯುಐಡಿ. ಫಾರ್ಮ್ಯಾಟ್ ಮಾಡಿದಾಗ ಪ್ರತಿ ಫೈಲ್‌ಸಿಸ್ಟಮಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಸಿಗುತ್ತದೆ; ಡಿಸ್ಕಿನ ಕ್ರಮ ಏನೇ ಆಗಲಿ, ಆ ಗುರುತಿನ ಫೈಲ್‌ಸಿಸ್ಟಮನ್ನು ಹುಡುಕು ಎಂದು ಮೆನು ಫೈಲು ಹೇಳುತ್ತದೆ. ಒಳ್ಳೆಯ ಮದ್ದೇ. ಆದರೆ ಪಾರ್ಟಿಷನ್ನನ್ನು ಮತ್ತೆ ಫಾರ್ಮ್ಯಾಟ್ ಮಾಡಿ ಬ್ಯಾಕಪ್ಪಿನಿಂದ ಫೈಲುಗಳನ್ನು ತುಂಬಿದರೆ ಫೈಲುಗಳೆಲ್ಲ ಹಳೆಯವು, ಯುಯುಐಡಿ ಹೊಸದು. ಇಡೀ ಡಿಸ್ಕನ್ನು ಬೈಟಿಗೆ ಬೈಟು ನಕಲು ಮಾಡಿ ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರೆ ಒಂದೇ ಗುರುತಿನ ಇಬ್ಬರು. ಮೊದಲನೆಯದರಲ್ಲಿ ‘ನೋ ಸಚ್ ಡಿವೈಸ್’ ಎಂದಾದರೂ ಬರುತ್ತದೆ. ಎರಡನೆಯದರಲ್ಲಿ ಯಾವ ದೂರೂ ಬಾರದೆ ಹಳೆಯ ಡಿಸ್ಕಿನ ಕರ್ನಲ್ ಬೂಟ್ ಆಗಿ, ಅಪ್‌ಡೇಟ್ ಮಾಡಿದರೂ ಬದಲಾಗದ ಯಂತ್ರವೆಂಬ ಒಗಟು ಹುಟ್ಟುತ್ತದೆ.

ಇದಕ್ಕಿಂತ ಗಹನವಾದ ಬಿರುಕು ಗ್ರಬ್ 2ರ ರಚನೆಯಲ್ಲೇ ಇದೆ. ಡಿಸ್ಕಿನ ಆರಂಭದಲ್ಲಿ ಕೂತ ಕೋರ್ ಇಮೇಜ್ ಒಂದು ಅರ್ಧ. ‘/ಬೂಟ್/ಗ್ರಬ್’ ಫೋಲ್ಡರಿನ ಮಾಡ್ಯೂಲುಗಳೂ ಮೆನುವೂ ಇನ್ನೊಂದು ಅರ್ಧ. ಎರಡೂ ಒಂದೇ ಆವೃತ್ತಿಯವಾಗಿರಬೇಕು. 2020ರ ಜುಲೈ ಕೊನೆಯಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷ ಬಯಲಾಗಿ, ಪ್ರಮುಖ ಲಿನಕ್ಸ್ ವಿತರಣೆಗಳು ತರಾತುರಿಯಲ್ಲಿ ಗ್ರಬ್ ಅಪ್‌ಡೇಟ್ ಕಳಿಸಿದವು. ಡೆಬಿಯನ್, ಉಬುಂಟು ಬಳಸುತ್ತಿದ್ದ ಅನೇಕ ಯಂತ್ರಗಳು ಮರುದಿನ ‘ಗ್ರಬ್_ಕ್ಯಾಲಕ್ ಎಂಬ ಸಿಂಬಲ್ ಸಿಗಲಿಲ್ಲ’ ಎಂದು ನಿಂತವು. ಆದದ್ದಿಷ್ಟು: ಹೊಸ ಕೋರ್ ಇಮೇಜನ್ನು ಯಾವ ಡಿಸ್ಕಿಗೆ ಬರೆಯಬೇಕೆಂಬ ಮಾಹಿತಿ ಪ್ಯಾಕೇಜಿನ ಸೆಟ್ಟಿಂಗಿನಲ್ಲಿ ಹಳತಾಗಿತ್ತು. ಯಂತ್ರವನ್ನು ಎಂದೋ ಬೇರೆ ಡಿಸ್ಕಿಗೆ ವರ್ಗಾಯಿಸಿದ್ದರೂ ಸೆಟ್ಟಿಂಗು ಮೊದಲಿನ ಡಿಸ್ಕನ್ನೇ ನೆನಪಿಟ್ಟಿತ್ತು. ಹಾಗಾಗಿ ಮಾಡ್ಯೂಲುಗಳು ಹೊಸದಾದವು, ನಿಜವಾಗಿ ಬೂಟ್ ಆಗುವ ಡಿಸ್ಕಿನ ಕೋರ್ ಇಮೇಜ್ ಹಳೆಯದೇ ಉಳಿಯಿತು. ಅಪ್‌ಡೇಟ್ ಆ ತಪ್ಪನ್ನು ಹುಟ್ಟಿಸಲಿಲ್ಲ. ಬಹುಕಾಲದಿಂದ ಮುಚ್ಚಿಕೊಂಡಿದ್ದ ತಪ್ಪನ್ನು ಬಿಚ್ಚಿ ತೋರಿಸಿತು. 2022ರ ಆಗಸ್ಟಿನಲ್ಲಿ ಆರ್ಚ್ ಮತ್ತು ಎಂಡೆವರ್ ಓಎಸ್ ಬಳಕೆದಾರರಿಗೆ ಆದದ್ದು ಇದೇ ಬಿರುಕಿನ ಇನ್ನೊಂದು ಮುಖ. ಪ್ಯಾಕೇಜ್ ಹೊಸದಾಯಿತು, ಹೊಸ ಮೆನು ಫೈಲು ತಯಾರಾಯಿತು, ಆ ಮೆನುವಿನಲ್ಲಿ ಹಳೆಯ ಗ್ರಬ್‌ಗೆ ಅರ್ಥವಾಗದ ಒಂದು ಆಯ್ಕೆ ಸೇರಿತ್ತು. ಆದರೆ ಡಿಸ್ಕಿನಲ್ಲಿ ಇನ್‌ಸ್ಟಾಲ್ ಆಗಿದ್ದ ಗ್ರಬ್ ಹಳೆಯದೇ. ಫಲವಾಗಿ ಯಂತ್ರ ಮೆನು ತೋರಿಸದೆ ನೇರ ಫರ್ಮ್‌ವೇರ್ ಸೆಟ್ಟಿಂಗಿಗೆ ಹೋಗಿ ಕೂತಿತು. 2019ರಲ್ಲಿ ಫೆಡೋರಾ 30ಕ್ಕೆ ಏರಿದ ಕೆಲವು ಹಳೆಯ ಯಂತ್ರಗಳಲ್ಲಿ ಮೆನು ಖಾಲಿ ಬಂದದ್ದೂ ಹೀಗೆಯೇ: ಕರ್ನಲ್ ಪಟ್ಟಿಯನ್ನು ಬರೆಯುವ ರೀತಿ ಬದಲಾಗಿತ್ತು, ಓದುವ ಕೋರ್ ಇಮೇಜ್ ವರ್ಷಗಳ ಹಿಂದಿನದು. ಈ ಮೂರೂ ಪ್ರಸಂಗಗಳಲ್ಲಿ ಒಂದೇ ಒಂದು ಕರ್ನಲ್ ಫೈಲೂ ಕಳೆದುಹೋಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಫೈಲ್‌ಸಿಸ್ಟಮ್ ಓದುವ ಬುದ್ಧಿಯನ್ನು ಬೂಟ್ ಲೋಡರಿಗೆ ಕಲಿಸಿದ್ದರ ಬೆಲೆ ಇನ್ನೊಂದು ರೀತಿಯಲ್ಲೂ ತೆರಬೇಕಾಯಿತು. ಈಗ ಒಂದೇ ಡಿಸ್ಕಿಗೆ ಇಬ್ಬರು ಓದುಗರು: ಲಿನಕ್ಸ್ ಕರ್ನಲ್ಲಿನ ಪೂರ್ಣ ಡ್ರೈವರ್ ಒಂದು, ಗ್ರಬ್ ತನಗಾಗಿ ಬರೆದುಕೊಂಡ ಸಣ್ಣ ಡ್ರೈವರ್ ಇನ್ನೊಂದು. ದೊಡ್ಡದು ಬೇಗ ಬೇಗ ಬೆಳೆಯುತ್ತದೆ, ಸಣ್ಣದು ಏದುಸಿರು ಬಿಡುತ್ತ ಹಿಂದೆ ಬರುತ್ತದೆ. 2023ರ ಫೆಬ್ರವರಿಯಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ 1.47.0, ಹೊಸದಾಗಿ ಫಾರ್ಮ್ಯಾಟ್ ಮಾಡುವ ಎಕ್ಸ್‌ಟಿ4ನಲ್ಲಿ ಚೆಕ್‌ಸಮ್ಮಿಗೆ ಸಂಬಂಧಿಸಿದ ಒಂದು ಹೊಸ ಗುಣವನ್ನು ತಾನಾಗಿಯೇ ಚಾಲೂ ಮಾಡತೊಡಗಿತು. ಆಗ ಚಾಲ್ತಿಯಲ್ಲಿದ್ದ ಗ್ರಬ್ 2.06ಕ್ಕೆ ಅದು ತಿಳಿಯದು. ಅಪ್ಪಟ ಆರೋಗ್ಯದ ಪಾರ್ಟಿಷನ್ ನೋಡಿ ಗ್ರಬ್ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದಿತು. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲೂ ಇದೇ ಕಥೆ: ಲಕ್ಸ್2 ಬೆಂಬಲ 2.06ರಲ್ಲಿ ಬಂತಾದರೂ ಆರ್ಗನ್2 ಎಂಬ ಕೀಲಿ ಪದ್ಧತಿ ಅದರಲ್ಲಿ ಇರಲಿಲ್ಲ. ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಬಾಗಿಲು ತೆರೆಯದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಜರ್ನಲ್ಲಿನ ವಿಷಯ. ಆಧುನಿಕ ಫೈಲ್‌ಸಿಸ್ಟಮುಗಳು ಬದಲಾವಣೆಯನ್ನು ಮೊದಲು ಜರ್ನಲ್ಲಿನಲ್ಲಿ ಬರೆದುಕೊಂಡು ನಂತರ ಮೂಲ ಜಾಗಕ್ಕೆ ಇಳಿಸುತ್ತವೆ. ಎಕ್ಸ್‌ಎಫ್‌ಎಸ್ ಪಾರ್ಟಿಷನ್ನಿಗೆ ಹೊಸ ಕರ್ನಲ್ ಬರೆದ ಬೆನ್ನಿಗೇ ಕರೆಂಟ್ ಹೋದರೆ, ಬರೆದದ್ದರ ಒಂದು ಭಾಗ ಇನ್ನೂ ಜರ್ನಲ್ಲಿನಲ್ಲೇ ಇರಬಹುದು. ಲಿನಕ್ಸ್ ಮೌಂಟ್ ಮಾಡುವಾಗ ಜರ್ನಲ್ ಓದಿ ಎಲ್ಲವನ್ನೂ ಸರಿಪಡಿಸಿಕೊಳ್ಳುತ್ತದೆ. ಗ್ರಬ್ ಜರ್ನಲ್ಲನ್ನು ಮುಟ್ಟುವುದೇ ಇಲ್ಲ. ಲೈವ್ ಯುಎಸ್‌ಬಿಯಿಂದ ನೋಡಿದರೆ ಕರ್ನಲ್ ಫೈಲು ಕಣ್ಣೆದುರೇ ಇದೆ, ಗ್ರಬ್ ಮಾತ್ರ ಇಲ್ಲ ಎನ್ನುತ್ತದೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸತ್ಯವನ್ನೇ ಹೇಳುತ್ತಿರುತ್ತಾರೆ. ಲೈವ್ ಯುಎಸ್‌ಬಿಯಲ್ಲಿ ಮೌಂಟ್ ಮಾಡಿದ್ದರಿಂದಲೇ ಜರ್ನಲ್ ಇಳಿದು, ಮುಂದಿನ ಸಲ ಯಂತ್ರ ತಾನಾಗಿ ಬೂಟ್ ಆಗಿ, ‘ಏನೂ ಮಾಡದೆ ಸರಿಹೋಯಿತು’ ಎಂಬ ಮೂಢನಂಬಿಕೆಗೆ ದಾರಿಯಾಗುವುದೂ ಉಂಟು.

ಪತ್ತೆಯ ಕೆಲಸಕ್ಕೆ ಬಂದರೆ, ಯಂತ್ರ ಎಲ್ಲಿ ನಿಂತಿದೆ ಎಂಬುದೇ ಮೊದಲ ಸಾಕ್ಷಿ. ಬೂಟ್ ಆಗಬಲ್ಲ ಸಾಧನವೇ ಇಲ್ಲವೆಂದು ಫರ್ಮ್‌ವೇರ್ ಹೇಳಿದರೆ ಮಾತು ಇನ್ನೂ ಗ್ರಬ್ ತನಕ ಬಂದಿಲ್ಲ. ‘ಗ್ರಬ್ ರೆಸ್ಕ್ಯೂ’ ಎಂಬ ಪ್ರಾಂಪ್ಟ್ ಬಂದರೆ ಕೋರ್ ಇಮೇಜ್ ಎದ್ದಿದೆ, ಪ್ರಿಫಿಕ್ಸ್ ಹಳತಾಗಿದೆ. ಬರೀ ‘ಗ್ರಬ್’ ಪ್ರಾಂಪ್ಟ್ ಆದರೆ ಗ್ರಬ್ ಪೂರ್ತಿ ಎದ್ದಿದೆ, ಮೆನು ಫೈಲು ಸಿಕ್ಕಿಲ್ಲ. ಮೆನು ಬಂದು, ಆಯ್ಕೆ ಮಾಡಿದ ಮೇಲೆ ದೂರು ಬಂದರೆ ಮೆನುವಿನೊಳಗಿನ ಕರ್ನಲ್ ವಿಳಾಸದಲ್ಲಿ ತಪ್ಪು. ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್’ ಎಂದು ಕರ್ನಲ್ ಪ್ಯಾನಿಕ್ ಆದರೆ, ಅಥವಾ ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಪ್ರಾಂಪ್ಟಿಗೆ ಬಂದು ನಿಂತರೆ, ಕರ್ನಲ್ ಸಿಕ್ಕಿ ಓಡತೊಡಗಿದೆ ಎಂದೇ ಅರ್ಥ, ಅದಕ್ಕೆ ಸಿಗದಿರುವುದು ರೂಟ್ ಫೈಲ್‌ಸಿಸ್ಟಮ್. ಅಲ್ಲಿ ಗ್ರಬ್ ಮರುಇನ್‌ಸ್ಟಾಲ್ ಮಾಡುತ್ತ ಕೂರುವುದು ಬಾಗಿಲು ದಾಟಿ ಒಳಗೆ ಹೋದವರನ್ನು ಹೊರಗೆ ಹುಡುಕಿದ ಹಾಗೆ. ಇನ್ನು ಪರದೆಯ ಮೇಲೆ ಬರುವ ಸಾಲುಗಳನ್ನು ಮೇಲಿನಿಂದ ಓದಬೇಕು, ಕೆಳಗಿನಿಂದಲ್ಲ. ಯುಯುಐಡಿ ಸಿಗದಿದ್ದರೆ ಮೊದಲು ‘ನೋ ಸಚ್ ಡಿವೈಸ್’, ಅದರ ಹಿಂದೆಯೇ ಕರ್ನಲ್ ಫೈಲು ಇಲ್ಲವೆಂಬ ದೂರು, ಕೊನೆಗೆ ‘ಯು ನೀಡ್ ಟು ಲೋಡ್ ದಿ ಕರ್ನಲ್ ಫಸ್ಟ್’. ಕೊನೆಯ ಸಾಲು ಕರ್ನಲ್ಲಿನ ನಂತರ ಓಡುವ ಇನಿಟ್‌ಆರ್‌ಡಿ ಕಮಾಂಡಿನದು. ಅದಕ್ಕೆ ತನಗಿಂತ ಮುಂಚಿನ ಸಾಲು ಸೋತದ್ದಷ್ಟೇ ಗೊತ್ತು. ಜನ ಹುಡುಕುವುದು ಆ ಕೊನೆಯ ಸಾಲನ್ನೇ. ಗ್ರಬ್‌ನ ಈ ಮಾತುಗಾರಿಕೆಯನ್ನು ಸಮರ್ಥಿಸುವುದು ಕಷ್ಟ. ಪರದೆಯೇ ಬೇಡದ ರಾಸ್‌ಬೆರಿ ಪೈ ಬೋರ್ಡು ಹಸಿರು ದೀಪವನ್ನು 7 ಸಲ ಮಿಣುಕಿಸಿದರೆ ಕರ್ನಲ್ ಇಮೇಜ್ ಇಲ್ಲ, 4 ಸಲವಾದರೆ ಅದಕ್ಕೂ ಮುಂಚಿನ ಸ್ಟಾರ್ಟ್ ಫೈಲು ಇಲ್ಲ ಎಂದು ಗ್ರಬ್‌ಗಿಂತ ನೆಟ್ಟಗೆ ಹೇಳುತ್ತದೆ.

ರೆಸ್ಕ್ಯೂ ಪ್ರಾಂಪ್ಟ್ ನೋಡಿ ಗಾಬರಿಯಾಗುವವರೇ ಹೆಚ್ಚು, ನಿಜಕ್ಕೂ ಅದು ಅತ್ಯಂತ ಮಾಹಿತಿ ಕೊಡುವ ಜಾಗ. ಅಲ್ಲಿ ಕೆಲಸ ಮಾಡುವುದು ಬೆರಳೆಣಿಕೆಯ ಕಮಾಂಡುಗಳು: ‘ಎಲ್‌ಎಸ್’, ‘ಸೆಟ್’, ‘ಅನ್‌ಸೆಟ್’, ‘ಇನ್ಸ್‌ಮಾಡ್’. ಬರೀ ‘ಸೆಟ್’ ಎಂದು ಒತ್ತಿದರೆ ಗ್ರಬ್ ಯಾವ ವಿಳಾಸವನ್ನು ನಂಬಿಕೊಂಡಿದೆ ಎಂದು ತಿಳಿಯುತ್ತದೆ. ಬರೀ ‘ಎಲ್‌ಎಸ್’ ಎಂದರೆ ನಿಜವಾಗಿ ಇರುವ ಡಿಸ್ಕು, ಪಾರ್ಟಿಷನ್ನುಗಳ ಪಟ್ಟಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅರ್ಧ ಪತ್ತೆ ಅಲ್ಲಿಯೇ ಮುಗಿಯಿತು: ನಂಬಿದ್ದು (ಎಚ್‌ಡಿ0,ಎಂಎಸ್‌ಡಾಸ್6), ಪಟ್ಟಿಯಲ್ಲಿರುವುದು ಎಂಎಸ್‌ಡಾಸ್5ರವರೆಗೆ ಮಾತ್ರ ಎಂಬಂತೆ. ನಂತರ ಒಂದೊಂದೇ ಪಾರ್ಟಿಷನ್ನಿನ ಹೆಸರಿನ ಮುಂದೆ ಓರೆಗೆರೆ ಹಾಕಿ ‘ಎಲ್‌ಎಸ್’ ಮಾಡಿ ಗ್ರಬ್ ಫೋಲ್ಡರ್ ಇರುವುದನ್ನು ಗುರುತಿಸಬೇಕು. ಹೀಗೆ ನೋಡುವಾಗ ಕೆಲವಕ್ಕೆ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದು ಬಂದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಕೋರ್ ಇಮೇಜಿನಲ್ಲಿ ತನ್ನ ಫೋಲ್ಡರ್ ಇರುವ ಬಗೆಯ ಫೈಲ್‌ಸಿಸ್ಟಮಿನ ಡ್ರೈವರ್ ಮಾತ್ರ ಇರುತ್ತದೆ. ವಿಂಡೋಸಿನ ಪಾರ್ಟಿಷನ್ ಅದಕ್ಕೆ ಆ ಹಂತದಲ್ಲಿ ಅಪರಿಚಿತವೇ. ಸರಿಯಾದ ಪಾರ್ಟಿಷನ್ ಸಿಕ್ಕ ಮೇಲೆ ಪ್ರಿಫಿಕ್ಸನ್ನೂ ರೂಟನ್ನೂ ಸೆಟ್ ಮಾಡಿ, ನಾರ್ಮಲ್ ಮಾಡ್ಯೂಲನ್ನು ಲೋಡ್ ಮಾಡಿ, ‘ನಾರ್ಮಲ್’ ಎಂದರೆ ಮೆನು ಬರುತ್ತದೆ. ಮೆನುವೂ ತಪ್ಪಿದ್ದರೆ ಕರ್ನಲ್ ಸಾಲನ್ನು ಕೈಯಲ್ಲೇ ಬರೆಯಬಹುದು. ಆಗ ಎಡವುವ ಎರಡು ಜಾಗಗಳಿವೆ. ಒಂದು, ಗ್ರಬ್‌ನ ರೂಟ್ ಬೇರೆ, ಕರ್ನಲ್ ಸಾಲಿನ ರೂಟ್ ಬೇರೆ. ಮೊದಲನೆಯದು ಗ್ರಬ್ ಫೈಲುಗಳನ್ನು ಎಲ್ಲಿ ಹುಡುಕಬೇಕೆಂಬುದು. ಎರಡನೆಯದನ್ನು ಗ್ರಬ್ ಓದುವುದೇ ಇಲ್ಲ, ಹಾಗೆಯೇ ಕರ್ನಲ್ಲಿಗೆ ದಾಟಿಸುತ್ತದೆ. ಇನ್ನೊಂದು, ‘/ಬೂಟ್’ ಪ್ರತ್ಯೇಕ ಪಾರ್ಟಿಷನ್ ಆಗಿದ್ದರೆ ಗ್ರಬ್ ಪಾಲಿಗೆ ಕರ್ನಲ್ಲಿನ ವಿಳಾಸದಲ್ಲಿ ‘/ಬೂಟ್’ ಎಂಬ ಭಾಗವೇ ಇರುವುದಿಲ್ಲ, ಫೈಲು ಆ ಪಾರ್ಟಿಷನ್ನಿನ ಮೇಲ್ಮಟ್ಟದಲ್ಲೇ ಇರುತ್ತದೆ. ಬಿಟಿಆರ್‌ಎಫ್‌ಎಸ್ ಆದರೆ ತಿರುಗುಮುರುಗು: ಸಬ್‌ವಾಲ್ಯೂಮಿನ ಹೆಸರನ್ನು ಮುಂದೆ ಸೇರಿಸಬೇಕಾಗಬಹುದು.

ಆ ಪ್ರತ್ಯೇಕ ‘/ಬೂಟ್’ ತರುವ ಇನ್ನೊಂದು ಸಂಕಟ ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ಹುಟ್ಟುತ್ತದೆ. ಯಾವುದೋ ಕಾರಣಕ್ಕೆ ಆ ಪಾರ್ಟಿಷನ್ ಮೌಂಟ್ ಆಗದೆ ಇದ್ದಾಗ ಅಪ್‌ಡೇಟ್ ನಡೆದರೆ, ಹೊಸ ಕರ್ನಲ್ ರೂಟ್ ಪಾರ್ಟಿಷನ್ನಿನ ‘/ಬೂಟ್’ ಎಂಬ ಬರೀ ಫೋಲ್ಡರಿಗೆ ಹೋಗಿ ಬೀಳುತ್ತದೆ. ಪ್ಯಾಕೇಜ್ ಮ್ಯಾನೇಜರ್ ಎಲ್ಲ ಸರಿಯಾಯಿತು ಎನ್ನುತ್ತದೆ. ಮುಂದೆ ಪಾರ್ಟಿಷನ್ ಮೌಂಟ್ ಆದ ಕೂಡಲೇ ಆ ಫೈಲು ಅದರ ಅಡಿಯಲ್ಲಿ ಮುಚ್ಚಿಹೋಗಿ ಕಣ್ಣಿಗೇ ಬೀಳುವುದಿಲ್ಲ. ಬೂಟ್ ಲೋಡರ್ ನೋಡುವುದು ಪಾರ್ಟಿಷನ್ನನ್ನು, ಅಲ್ಲಿರುವುದು ಹಳೆಯ ಕರ್ನಲ್. ಆರ್ಚ್‌ನಂಥ ವಿತರಣೆಗಳಲ್ಲಿ ಹಳೆಯ ಕರ್ನಲ್ಲಿನ ಮಾಡ್ಯೂಲುಗಳನ್ನು ಅಪ್‌ಡೇಟ್ ಅಳಿಸಿಬಿಡುವುದರಿಂದ, ಕರ್ನಲ್ ಎದ್ದರೂ ಕೈಕಾಲು ಇರುವುದಿಲ್ಲ. ವಿಪರ್ಯಾಸವೆಂದರೆ ದುರಸ್ತಿಗೆ ಕೂತವರೂ ಇದೇ ತಪ್ಪು ಮಾಡುತ್ತಾರೆ. ಲೈವ್ ಯುಎಸ್‌ಬಿಯಿಂದ ರೂಟ್ ಪಾರ್ಟಿಷನ್ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಜೋಡಿಸಿ, ಕ್ರೂಟ್ ಮಾಡಿ ಒಳಹೊಕ್ಕು ಗ್ರಬ್ ಮರುಇನ್‌ಸ್ಟಾಲ್ ಮಾಡುತ್ತಾರೆ, ಆದರೆ ‘/ಬೂಟ್’ ಪಾರ್ಟಿಷನ್ನನ್ನೋ ಇಎಫ್‌ಐ ಪಾರ್ಟಿಷನ್ನನ್ನೋ ಮೌಂಟ್ ಮಾಡುವುದನ್ನು ಮರೆಯುತ್ತಾರೆ. ಮೆನು ತಯಾರಿಸುವ ಕಮಾಂಡಿಗೆ ಆಗ ಒಂದು ಕರ್ನಲ್ಲೂ ಕಾಣದೆ, ಕರ್ನಲ್ಲೇ ಇಲ್ಲದ ಮೆನುವನ್ನು ಬರೆದಿಟ್ಟು ಯಶಸ್ವಿಯಾಗಿ ಮುಗಿಯಿತೆಂದು ವರದಿ ಒಪ್ಪಿಸುತ್ತದೆ.

ಇಷ್ಟೆಲ್ಲ ತಿಳಿಯುವ ಗೋಜು ಯಾಕೆ, ಬೂಟ್ ರಿಪೇರಿಯಂಥ ಉಪಕರಣ ಹತ್ತು ನಿಮಿಷದಲ್ಲಿ ಸರಿಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತದೆ, ಬಹಳ ಸಲ. ಆ ಉಪಕರಣ ಮಾಡುವುದು ಮುಖ್ಯವಾಗಿ ಗ್ರಬ್ ಮರುಇನ್‌ಸ್ಟಾಲ್ ಮತ್ತು ಮೆನುವಿನ ಮರುರಚನೆ. ದಾಖಲೆ ಹಳತಾದದ್ದೇ ರೋಗವಾದರೆ ದಾಖಲೆಯನ್ನು ಮತ್ತೆ ಬರೆಯುವುದೇ ಮದ್ದು ಎಂಬುದನ್ನು ಅದು ಪುಷ್ಟೀಕರಿಸುತ್ತದೆ. ಆದರೆ ಗ್ರಬ್‌ಗೆ ಫೈಲ್‌ಸಿಸ್ಟಮಿನ ಹೊಸ ಗುಣ ತಿಳಿಯದಿದ್ದರೆ ಎಷ್ಟು ಸಲ ಮರುಇನ್‌ಸ್ಟಾಲ್ ಮಾಡಿದರೂ ಅಷ್ಟೇ. ಎರಡು ಡಿಸ್ಕಿರುವ ಯಂತ್ರದಲ್ಲಿ ತಪ್ಪು ಡಿಸ್ಕನ್ನು ಆರಿಸಿದರೆ 2020ರ ಕಥೆಯೇ ಮರುಕಳಿಸುತ್ತದೆ. ಅಂಥ ಉಪಕರಣಗಳಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ದುರಸ್ತಿಯ ಬಟನ್ನಿಗಿಂತ ಅವು ಕೊಡುವ ವರದಿ: ಯಾವ ಡಿಸ್ಕಿನಲ್ಲಿ ಯಾವ ಬೂಟ್ ಲೋಡರ್, ಅದು ಎಲ್ಲಿಗೆ ಬೆರಳು ತೋರಿಸುತ್ತಿದೆ ಎಂಬುದೆಲ್ಲ ಅಲ್ಲಿರುತ್ತದೆ. ಬಟನ್ ಒತ್ತುವ ಮುಂಚೆ ಅದನ್ನು ಓದುವವರು ಕಡಿಮೆ.

ಕರ್ನಲ್ ನಿಜವಾಗಿಯೇ ಇಲ್ಲದ ಪ್ರಸಂಗಗಳೂ ಇವೆಯಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇವೆ. ಡಿಸ್ಕ್ ಸಾಯುತ್ತಿದ್ದರೆ ಓದುವಾಗಲೇ ತಪ್ಪುಗಳು ಬರುತ್ತವೆ. ಆಗ ಮೊದಲ ಕೆಲಸ ಡೇಟಾ ಉಳಿಸುವುದು, ಬೂಟ್ ಅಲ್ಲ. ಚಿಕ್ಕ ‘/ಬೂಟ್’ ಪಾರ್ಟಿಷನ್ ಹಳೆಯ ಕರ್ನಲ್ಲುಗಳಿಂದ ತುಂಬಿ, ಹೊಸದನ್ನು ಬರೆಯುವಾಗ ಅರ್ಧಕ್ಕೇ ನಿಂತುಹೋಗುವುದೂ ಸಾಮಾನ್ಯ. ಆದರೆ ಈ ಎರಡನೆಯದರಲ್ಲಿ ಮೆನುವಿನ ಹಳೆಯ ಸಾಲುಗಳ ಕರ್ನಲ್ಲುಗಳು ಬಹುತೇಕ ಹಾಗೇ ಇರುತ್ತವೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಉಪಮೆನು ತೆರೆದು ಹಿಂದಿನ ಕರ್ನಲ್ ಆರಿಸಿದರೆ ಯಂತ್ರ ಏಳುತ್ತದೆ, ಜಾಗ ಖಾಲಿ ಮಾಡಿ ಅಪ್‌ಡೇಟ್ ಪೂರ್ತಿ ಮಾಡಬಹುದು. ಅಂದರೆ ಇಲ್ಲೂ ಒಂದು ಸಾಲಿನ ದಾಖಲೆ ಸುಳ್ಳಾದದ್ದೇ ಹೊರತು ಇಡೀ ವ್ಯವಸ್ಥೆ ನಾಶವಾದದ್ದಲ್ಲ. ಸೆಕ್ಯೂರ್ ಬೂಟ್ ಇರುವ ಯಂತ್ರಗಳಲ್ಲಿ ‘ಬ್ಯಾಡ್ ಶಿಮ್ ಸಿಗ್ನೇಚರ್’ ಬಂದು, ಅದರ ಕೆಳಗೆ ಅದೇ ಹಳೆಯ ‘ಯು ನೀಡ್ ಟು ಲೋಡ್ ದಿ ಕರ್ನಲ್ ಫಸ್ಟ್’ ಬರುವುದುಂಟು. ಅಲ್ಲಿ ಕರ್ನಲ್ ಸಿಕ್ಕಿದೆ, ಸಹಿ ಒಪ್ಪಿಗೆಯಾಗಿಲ್ಲ ಅಷ್ಟೇ. ಸ್ವಂತವಾಗಿ ಕಂಪೈಲ್ ಮಾಡಿ ಸಹಿ ಹಾಕದೆ ಬಿಟ್ಟ ಕರ್ನಲ್ಲಿಗೆ ಈ ಗತಿ.

ಯುಇಎಫ್‌ಐ ಬಂದ ಮೇಲೆ ಇವೆಲ್ಲ ಹಳೆಯ ಕಾಲದ ಮಾತಾಯಿತು ಎನ್ನುವವರಿದ್ದಾರೆ. 446 ಬೈಟಿನ ಇಕ್ಕಟ್ಟು ಹೋದದ್ದು ನಿಜ, ಫರ್ಮ್‌ವೇರೇ ಫ್ಯಾಟ್ ಪಾರ್ಟಿಷನ್ ಓದಿ ಬೂಟ್ ಲೋಡರನ್ನು ಫೈಲಾಗಿ ಎತ್ತಿಕೊಳ್ಳುತ್ತದೆ. ಆದರೆ ಯಾವ ಫೈಲು ಎಂಬ ದಾಖಲೆ ಈಗ ಮದರ್‌ಬೋರ್ಡಿನ ಮೆಮೊರಿಯಲ್ಲಿದೆ, ಪಾರ್ಟಿಷನ್ನಿನ ಗುರುತಿನ ಸಮೇತ. ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಹಾಕಿದರೆ ಆ ದಾಖಲೆ ಜೊತೆಗೆ ಬರುವುದಿಲ್ಲ. ಉಬುಂಟುವಿನ ಇಎಫ್‌ಐ ಪಾರ್ಟಿಷನ್ನಿನಲ್ಲಿ ಮೂರೇ ಸಾಲಿನ ಒಂದು ಪುಟ್ಟ ಗ್ರಬ್.ಸಿಎಫ್‌ಜಿ ಇರುತ್ತದೆ: ಈ ಯುಯುಐಡಿ ಹುಡುಕು, ಅಲ್ಲಿನ ಗ್ರಬ್ ಫೋಲ್ಡರನ್ನು ಪ್ರಿಫಿಕ್ಸ್ ಮಾಡು, ಅಲ್ಲಿನ ನಿಜವಾದ ಮೆನು ಓದು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕ ಉಬುಂಟು ಇರುವುದು ಮಾಮೂಲು; ಜಾಗ ಸಾಲದೆಂದು ವಿಂಡೋಸ್ ಒಳಗಿಂದಲೇ ಉಬುಂಟು ಪಾರ್ಟಿಷನ್ ಅಳಿಸಿದಾಗ ಈ ಮೂರು ಸಾಲು ಮಾತ್ರ ಅನಾಥವಾಗಿ ಉಳಿದು, ಯಂತ್ರ ಗ್ರಬ್ ಪ್ರಾಂಪ್ಟಿನಲ್ಲಿ ನಿಲ್ಲುತ್ತದೆ. ವಿಂಡೋಸ್ ಕೆಟ್ಟಿತೆಂದು ಕೂಗೆದ್ದರೂ ಅದಕ್ಕೇನೂ ಆಗಿರುವುದಿಲ್ಲ. ಫರ್ಮ್‌ವೇರ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಸಾಕು.

ದಾಖಲೆಗಳ ಸಂಖ್ಯೆಯನ್ನೇ ಇಳಿಸುವ ಪ್ರಯತ್ನಗಳು ಈಚಿನವು, ಮತ್ತು ನಿಜವಾದ ಪರಿಹಾರ ಆ ದಿಕ್ಕಿನಲ್ಲೇ ಇದೆ. ಸಿಸ್ಟಮ್‌ಡಿ-ಬೂಟ್ ತಾನಾಗಿ ಎಕ್ಸ್‌ಟಿ4 ಓದಲು ಹೋಗುವುದಿಲ್ಲ. ಫರ್ಮ್‌ವೇರ್ ಓದಬಲ್ಲ ಪಾರ್ಟಿಷನ್ನಿನಲ್ಲಿ ಏನಿದೆಯೋ ಅದನ್ನೇ ಪ್ರತಿ ಸಲವೂ ಹೊಸದಾಗಿ ನೋಡಿ ಮೆನು ಕಟ್ಟುತ್ತದೆ. ಯುನಿಫೈಡ್ ಕರ್ನಲ್ ಇಮೇಜ್‌ನಲ್ಲಿ ಕರ್ನಲ್, ಇನಿಟ್‌ಆರ್‌ಡಿ, ಕರ್ನಲ್ ಸಾಲು ಮೂರೂ ಒಂದೇ ಫೈಲಿನಲ್ಲಿ ಸೇರಿರುತ್ತವೆ, ಒಂದು ಹೊಸದಾಗಿ ಇನ್ನೊಂದು ಹಳತಾಗುವ ಪ್ರಶ್ನೆಯಿಲ್ಲ. ಬೂಟ್ ಲೋಡರಿನ ಕೆಲಸವನ್ನು ಲಿನಕ್ಸ್ ಕರ್ನಲ್ಲಿಗೇ ವಹಿಸಿ, ಫೈಲ್‌ಸಿಸ್ಟಮಿಗೆ ಎರಡನೆಯ ಓದುಗನೇ ಬೇಡವೆನ್ನುವ ಯೋಜನೆಯನ್ನೂ ರೆಡ್ ಹ್ಯಾಟ್ ಎಂಜಿನಿಯರುಗಳು 2024ರಲ್ಲಿ ಮುಂದಿಟ್ಟರು. ಆದರೆ ಕರ್ನಲ್ಲುಗಳೆಲ್ಲ ಇಎಫ್‌ಐ ಪಾರ್ಟಿಷನ್ನಿಗೆ ಬಂದರೆ ಜಾಗ ಬೇಕು. ವಿಂಡೋಸ್ ಮೊದಲೇ ಇದ್ದ ಲ್ಯಾಪ್‌ಟಾಪಿನಲ್ಲಿ ಆ ಪಾರ್ಟಿಷನ್ ಹೆಚ್ಚಾಗಿ 100 ಮೆಗಾಬೈಟಿನದು. ಹತ್ತಾರು ಮೆಗಾಬೈಟಿನ ಇಮೇಜುಗಳು ಒಂದೆರಡಕ್ಕಿಂತ ಹೆಚ್ಚು ಹಿಡಿಯವು. ಇದಕ್ಕೆಂದೇ ಬೂಟ್ ಲೋಡರ್ ಸ್ಪೆಸಿಫಿಕೇಷನ್ನಿನಲ್ಲಿ ಎಕ್ಸ್‌ಬೂಟ್‌ಎಲ್‌ಡಿಆರ್ ಎಂಬ ಹೆಚ್ಚುವರಿ ಪಾರ್ಟಿಷನ್ನಿಗೆ ಅವಕಾಶವಿದೆ. ಅದು ಇಎಫ್‌ಐ ಪಾರ್ಟಿಷನ್ ಇರುವ ಡಿಸ್ಕಿನಲ್ಲೇ ಇರಬೇಕು, ಫರ್ಮ್‌ವೇರಿಗೆ ಓದಲು ಬರುವಂತಿರಬೇಕು, ಮತ್ತು ಲಿನಕ್ಸ್ ಎದ್ದ ಮೇಲೆ ಅದನ್ನು ‘/ಬೂಟ್’ನಲ್ಲಿ ಮೌಂಟ್ ಮಾಡುತ್ತಾರೆ. ಈ ಸಲ ಬೂಟ್ ಲೋಡರ್ ಅದನ್ನು ಹುಡುಕುವುದು ಎಣಿಕೆಯಿಂದಲೂ ಅಲ್ಲ, ಯುಯುಐಡಿಯಿಂದಲೂ ಅಲ್ಲ, ಪಾರ್ಟಿಷನ್ನಿಗೆ ಕೊಟ್ಟ ಬಗೆಯ ಸಂಕೇತದಿಂದ. ಪಾರ್ಟಿಷನ್ ಮಾಡುವಾಗ ಆ ಸಂಕೇತ ಹಾಕಲು ಮರೆತವರ ಮೆನು ಖಾಲಿ ಬರುತ್ತದೆ.